ಹಸಿಮರದ ಕಡೆತ: ಒಣಗುತ್ತ ಬಾಗುವ ಬೋಗುಣಿಗಳು

ಕಡಿದು ಬಹಳ ದಿನವಾಗದ, ಒಳಗಿನ ನೀರು ಇನ್ನೂ ಆರದ ಮರವನ್ನು ಲೇತಿಗೆ ಹೂಡಿ, ಒಂದೇ ಸಲಕ್ಕೆ ತೆಳುವಾದ ಪಾತ್ರೆಯಾಗಿ ಕಡೆದು, ಆಮೇಲೆ ಒಣಗಲು ಬಿಡುವ ಕಸಬಿಗೆ ಹಸಿಮರದ ಕಡೆತ ಎನ್ನಬಹುದು. ಲೇತಿನಿಂದ ಇಳಿಸಿದಾಗ ಪಾತ್ರೆ ಕೈವಾರ ಹಿಡಿದು ಎಳೆದಷ್ಟು ದುಂಡಗಿರುತ್ತದೆ. ಮುಂದಿನ ಕೆಲವು ದಿನಗಳಲ್ಲಿ ಅದರ ಬಾಯಿ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ, ಅಂಚು ಎರಡು ಕಡೆ ಏರಿ ಎರಡು ಕಡೆ ತಗ್ಗುತ್ತದೆ, ಗಂಟು ಇದ್ದಲ್ಲಿ ಗೋಡೆ ಸೊಟ್ಟಗಾಗುತ್ತದೆ. ಬಾಗಿಲು ಕಿಟಕಿ ಮಾಡುವ ಬಡಗಿಯ ಕಣ್ಣಿಗೆ ಇದು ಕೆಟ್ಟ ಕೆಲಸ. ಈ ಕಸಬಿನವರಿಗೆ ಬೇಕಾಗಿರುವುದೇ ಅದು. ಹೀಗೆ ಬಾಗುವುದು ಮರದ ಮರ್ಜಿ, ಕೈಯಲ್ಲಿ ಏನೂ ಇಲ್ಲ ಎಂಬ ಮಾತು ಈ ಪಾತ್ರೆಗಳ ಪ್ರದರ್ಶನಗಳಲ್ಲಿ ಆಗಾಗ ಕೇಳಿಬರುತ್ತದೆ. ಅದು ಅರ್ಧ ಸತ್ಯ. ಪಾತ್ರೆ ಯಾವ ಕಡೆಗೆ, ಸುಮಾರು ಎಷ್ಟು ಬಾಗೀತು ಎಂಬುದು ದಿಮ್ಮಿಯನ್ನು ಸೀಳಿ ಲೇತಿಗೆ ಹೂಡುವ ಹೊತ್ತಿಗೇ ಹೆಚ್ಚುಕಡಿಮೆ ತೀರ್ಮಾನವಾಗಿರುತ್ತದೆ. ಉಳಿದದ್ದು ಆ ತೀರ್ಮಾನ ಕೆಡದಂತೆ ನೋಡಿಕೊಳ್ಳುವ ಕೆಲಸ.

ಹಸಿಮರ ಕಡೆಯುವವರೆಲ್ಲ ಬಾಗಿದ ಪಾತ್ರೆ ಮಾಡುವವರಲ್ಲ. ಹೆಚ್ಚಿನವರು ಎರಡು ಸಲ ಕಡೆಯುತ್ತಾರೆ. ಮೊದಲು ದಪ್ಪ ಗೋಡೆಯ ಒರಟು ಬೋಗುಣಿ. ವ್ಯಾಸದ ಹತ್ತರಲ್ಲೊಂದು ಪಾಲಿನಷ್ಟು ದಪ್ಪ ಬಿಡುವುದು ರೂಢಿ. ಅದನ್ನು ತಿಂಗಳುಗಟ್ಟಲೆ ಒಣಗಿಸಿ, ಬಾಗುವಷ್ಟು ಬಾಗಿದ ಮೇಲೆ ಮತ್ತೆ ಲೇತಿಗೆ ಹೂಡಿ, ಸೊಟ್ಟಗಾದ ಭಾಗವನ್ನೆಲ್ಲ ಕಡೆದುಹಾಕಿದರೆ ದುಂಡು ಪಾತ್ರೆ ಸಿಗುತ್ತದೆ, ಮುಂದೆ ಅದು ಹೆಚ್ಚು ಅಲುಗುವುದಿಲ್ಲ. ಅಂಗಡಿಗಳಲ್ಲಿ ಕಾಣುವ ದುಂಡು ಬೋಗುಣಿಗಳಲ್ಲಿ ಅನೇಕವು ಹೀಗೆ ಆದವು. ಈ ಲೇಖನದ ವಿಷಯ ಇನ್ನೊಂದು ದಾರಿ, ಒಂದೇ ಸಲ ಕಡೆದು ಮರಳಿ ಮುಟ್ಟದ ದಾರಿ.

ಮರದೊಳಗಿನ ನೀರು

ಮರದ ತೇವ ಹೇಳುವ ಲೆಕ್ಕ ಹೊಸಬರಿಗೆ ಗಲಿಬಿಲಿ ಉಂಟುಮಾಡುತ್ತದೆ. ಮರದಲ್ಲಿರುವ ನೀರಿನ ತೂಕವನ್ನು, ಅದೇ ಮರವನ್ನು ಓವನ್‌ನಲ್ಲಿ ಪೂರಾ ಒಣಗಿಸಿದಾಗ ಉಳಿಯುವ ತೂಕದೊಂದಿಗೆ ಹೋಲಿಸಿ ಶೇಕಡಾವಾರು ಹೇಳುತ್ತಾರೆ. ಹಾಗಾಗಿ ಹಸಿಮರದ ತೇವ ಶೇ. 100 ದಾಟುವುದೂ ಉಂಟು; ನೀರಿನ ತೂಕ ಮರದ ತೂಕಕ್ಕಿಂತ ಹೆಚ್ಚು ಎಂದಷ್ಟೇ ಅದರ ಅರ್ಥ. ಈ ನೀರು ಎರಡು ಕಡೆ ಇರುತ್ತದೆ. ಒಂದಿಷ್ಟು ಜೀವಕೋಶಗಳ ಪೊಳ್ಳಿನಲ್ಲಿ, ಇನ್ನೊಂದಿಷ್ಟು ಕೋಶಗಳ ಗೋಡೆಯೊಳಗೆ ಅಂಟಿಕೊಂಡು. ಒಣಗುವಾಗ ಮೊದಲು ಖಾಲಿಯಾಗುವುದು ಪೊಳ್ಳಿನ ನೀರು. ಆಗ ಮರ ಹಗುರಾಗುತ್ತದೆಯೇ ಹೊರತು ಸಾಮಾನ್ಯವಾಗಿ ಕುಗ್ಗುವುದಿಲ್ಲ. ತೇವ ಸುಮಾರು ಶೇ. 30ಕ್ಕೆ ಇಳಿದ ಮೇಲೆ ಗೋಡೆಯೊಳಗಿನ ನೀರಿನ ಸರದಿ. ಮರ ಕುಗ್ಗುವುದು, ಬಾಗುವುದು, ಸೀಳುವುದು ಎಲ್ಲ ಅಲ್ಲಿಂದಾಚೆಗೆ. ಆ ಗಡಿಗೆ ನಾರಿನ ಸಂತೃಪ್ತಿ ಬಿಂದು ಎಂದು ಹೆಸರು.

ಮನೆಯೊಳಗೆ ಇಟ್ಟ ಮರ ಪೂರಾ ಒಣಗುವುದೂ ಇಲ್ಲ. ಸುತ್ತಲ ಗಾಳಿಯ ತೇವಕ್ಕೆ ಹೊಂದಿಕೊಂಡು ಒಂದು ಮಟ್ಟದಲ್ಲಿ ನಿಲ್ಲುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 65 ಇದ್ದರೆ ಮರದ ತೇವ ಸುಮಾರು ಶೇ. 12ರಲ್ಲಿ ನಿಲ್ಲುತ್ತದೆ, ಆರ್ದ್ರತೆ ಶೇ. 30ಕ್ಕೆ ಇಳಿದರೆ ಶೇ. 6ರ ಆಸುಪಾಸು, ಶೇ. 90ಕ್ಕೆ ಏರಿದರೆ ಶೇ. 20ರ ಆಸುಪಾಸು. ಎಂದರೆ ಆಷಾಢದ ಮಳೆಯಲ್ಲಿ ಉಡುಪಿಯ ಮನೆಯೊಂದರಲ್ಲಿ ನೆಲೆನಿಂತ ಬೋಗುಣಿಯನ್ನು ಏಪ್ರಿಲ್‌ನಲ್ಲಿ ಕಲಬುರಗಿಗೆ ಒಯ್ದರೆ ಅದು ಮತ್ತೊಂದು ಸುತ್ತು ಕುಗ್ಗುತ್ತದೆ. ದುಂಡು ಪಾತ್ರೆಯಲ್ಲಿ ಈ ಚಲನೆ ತಪ್ಪಾಗಿ ಕಣ್ಣಿಗೆ ಹೊಡೆಯುತ್ತದೆ. ಮೊದಲೇ ಬಾಗಿದ್ದರಲ್ಲಿ ಯಾರಿಗೂ ಗೊತ್ತಾಗುವುದಿಲ್ಲ.

ಮೂರು ದಿಕ್ಕು, ಮೂರು ಲೆಕ್ಕ

ಮರ ಎಲ್ಲ ಕಡೆಗೂ ಒಂದೇ ಸಮ ಕುಗ್ಗಿದ್ದರೆ ದುಂಡು ಪಾತ್ರೆ ಒಣಗಿ ಸಣ್ಣ ದುಂಡು ಪಾತ್ರೆಯಾಗುತ್ತಿತ್ತು, ಈ ಕಸಬೇ ಇರುತ್ತಿರಲಿಲ್ಲ. ಕುಗ್ಗುವಿಕೆಗೆ ಮೂರು ದಿಕ್ಕುಗಳಿವೆ. ಬೆಳವಣಿಗೆಯ ಉಂಗುರಗಳ ಜಾಡು ಹಿಡಿದು ಹೋಗುವ ದಿಕ್ಕಿನಲ್ಲಿ ಅತಿ ಹೆಚ್ಚು. ತಿರುಳಿನಿಂದ ತೊಗಟೆಯ ಕಡೆಗೆ, ಎಂದರೆ ಉಂಗುರಗಳನ್ನು ಅಡ್ಡಹಾಯುವ ದಿಕ್ಕಿನಲ್ಲಿ, ಸುಮಾರಾಗಿ ಅದರ ಅರ್ಧ. ಕಾಂಡದ ಉದ್ದಕ್ಕೆ ಬಹುತೇಕ ಇಲ್ಲವೆನ್ನಬೇಕು. ಹಸಿಯಿಂದ ಪೂರಾ ಒಣಗುವವರೆಗೆ ಶೇ. 0.1ರಿಂದ 0.2ರಷ್ಟು.

ಕಾರಣ ಕೋಶದ ಗೋಡೆಯಲ್ಲಿದೆ. ಆ ಗೋಡೆಯ ದಪ್ಪನೆಯ ಪದರದಲ್ಲಿ ಸೆಲ್ಯುಲೋಸ್‌ನ ಸೂಕ್ಷ್ಮ ಎಳೆಗಳು ಹೆಚ್ಚುಕಡಿಮೆ ಕಾಂಡದ ಉದ್ದಕ್ಕೇ ಹೆಣೆದುಕೊಂಡಿರುತ್ತವೆ. ನೀರು ಕುಳಿತಿರುವುದು ಎಳೆ ಎಳೆಯ ನಡುವೆ. ನೀರು ಹೋದಾಗ ಎಳೆಗಳು ಒಂದಕ್ಕೊಂದು ಹತ್ತಿರ ಸರಿಯುತ್ತವೆ, ಉದ್ದದಲ್ಲಿ ಮೊಟಕಾಗುವುದಿಲ್ಲ. ಅಡ್ಡ ದಿಕ್ಕುಗಳೆರಡರ ನಡುವಿನ ವ್ಯತ್ಯಾಸಕ್ಕೆ ಮುಖ್ಯವಾಗಿ ಎರಡು ಕಾರಣ ಹೇಳುತ್ತಾರೆ. ತಿರುಳಿನ ಕಡೆಯಿಂದ ತೊಗಟೆಗೆ ಸಾಗುವ ಮಜ್ಜಾಕಿರಣಗಳು ತಮ್ಮ ಉದ್ದದ ದಿಕ್ಕಿನಲ್ಲಿ ಮರ ಕುಗ್ಗದಂತೆ ಬಿಗಿಹಿಡಿಯುತ್ತವೆ. ಇನ್ನು ಪ್ರತಿ ಉಂಗುರದಲ್ಲಿ ಋತುವಿನ ಕೊನೆಗೆ ಬೆಳೆದ ಗಟ್ಟಿ ಪಟ್ಟಿ ಹೆಚ್ಚು ಕುಗ್ಗುತ್ತ ಪಕ್ಕದ ಮೆದು ಪಟ್ಟಿಯನ್ನೂ ತನ್ನ ಜಾಡಿನಲ್ಲೇ ಎಳೆದುಕೊಂಡು ಹೋಗುತ್ತದೆ.

ಅಂಕಿಗಳು ಮರದಿಂದ ಮರಕ್ಕೆ ಬಹಳ ಬದಲಾಗುತ್ತವೆ. ಅಮೆರಿಕದ ಬೀಚ್ ಮರ ಹಸಿಯಿಂದ ಪೂರಾ ಒಣಗುವಷ್ಟರಲ್ಲಿ ಉಂಗುರದ ಜಾಡಿನಲ್ಲಿ ಶೇ. 11.9, ತಿರುಳು-ತೊಗಟೆಯ ದಿಕ್ಕಿನಲ್ಲಿ ಶೇ. 5.5 ಕುಗ್ಗುತ್ತದೆ. ಅಲ್ಲಿನ ಪೆಸಿಫಿಕ್ ಕರಾವಳಿಯ ಮಡ್ರೋನ್ ಮರದ್ದು ಶೇ. 12.4 ಮತ್ತು 5.6. ಬಿಳಿ ಓಕ್ ಶೇ. 10.5 ಮತ್ತು 5.6. ನಮ್ಮ ಸಾಗುವಾನಿ ಶೇ. 5.8 ಮತ್ತು 2.5ಕ್ಕೇ ನಿಲ್ಲುತ್ತದೆ. ಹಡಗಿಗೂ ಬಾಗಿಲಿಗೂ ಸಾಗುವಾನಿಯನ್ನು ಜನ ಬಯಸಿದ್ದಕ್ಕೆ ಇದೂ ಒಂದು ಕಾರಣ. ಬಾಗುವ ಪಾತ್ರೆ ಬೇಕೆನ್ನುವವರಿಗೆ ಅದು ಅದೇ ಕಾರಣಕ್ಕೆ ಸಪ್ಪೆ ಮರ. ಲೆಕ್ಕ ಹಾಕಿ ನೋಡೋಣ. 30 ಸೆಂ.ಮೀ. ಅಗಲದ ಬೀಚ್ ಬೋಗುಣಿ ಮನೆಯೊಳಗೆ ಶೇ. 10ರ ತೇವಕ್ಕೆ ಬಂದು ನಿಂತಿತು ಎಂದಿಟ್ಟುಕೊಳ್ಳಿ. ಒಟ್ಟು ಕುಗ್ಗುವಿಕೆಯಲ್ಲಿ ಮೂರರಲ್ಲೆರಡು ಪಾಲು ಆಗಿರುತ್ತದೆ. ಉಂಗುರದ ಜಾಡಿನಲ್ಲಿ ಬೀಳುವ ಅಗಲ ಸುಮಾರು 2.4 ಸೆಂ.ಮೀ. ಕಡಿಮೆಯಾಗುತ್ತದೆ. ಅದೇ ಬೋಗುಣಿ ಮರದ ಎಳೆಯ ಉದ್ದಕ್ಕೆ ಅರ್ಧ ಮಿಲಿಮೀಟರನ್ನೂ ಕಳೆದುಕೊಳ್ಳುವುದಿಲ್ಲ. ಸಾಗುವಾನಿಯಲ್ಲಾದರೆ ಅಗಲದ ನಷ್ಟ 1.2 ಸೆಂ.ಮೀ. ಆಸುಪಾಸು.

ದಿಮ್ಮಿಯಲ್ಲಿ ಪಾತ್ರೆಯನ್ನು ಎಲ್ಲಿ ಹುಡುಕುವುದು

ಬೋಗುಣಿಗೆ ಸಾಮಾನ್ಯವಾಗಿ ದಿಮ್ಮಿಯನ್ನು ಉದ್ದಕ್ಕೆ ಎರಡು ಹೋಳು ಮಾಡಿ, ನಡುವಿನ ತಿರುಳನ್ನು ಒಂದು ಪಟ್ಟಿಯಾಗಿ ಕತ್ತರಿಸಿ ತೆಗೆದುಹಾಕುತ್ತಾರೆ. ತಿರುಳು ಉಳಿದರೆ ಸೀಳು ಅಲ್ಲಿಂದಲೇ ಹೊರಡುತ್ತದೆ: ಉಂಗುರದ ಸುತ್ತಳತೆ ಕುಗ್ಗುವಷ್ಟು ಅದರ ತ್ರಿಜ್ಯ ಕುಗ್ಗುವುದಿಲ್ಲ, ಎಲ್ಲೋ ಒಂದು ಕಡೆ ಮರ ಬಿಟ್ಟುಕೊಡಲೇಬೇಕು. ದಿಮ್ಮಿಗಳು ಬಿಸಿಲಿನಲ್ಲಿ ಬಿದ್ದಿದ್ದಾಗ ಕೊನೆಯಲ್ಲಿ ನಕ್ಷತ್ರದಂತೆ ಬಿರುಕು ಬಿಡುವುದು ಇದಕ್ಕೇ.

ಹೋಳಿನಲ್ಲಿ ಪಾತ್ರೆಯ ಬಾಯಿ ಯಾವ ಕಡೆ ಇರಬೇಕು ಎಂಬುದು ಇಡೀ ಕೆಲಸದಲ್ಲಿ ಅತಿ ದೊಡ್ಡ ಪ್ರಶ್ನೆ. ಬಾಯಿ ತಿರುಳಿನ ಕಡೆಗೆ, ತಳ ತೊಗಟೆಯ ಕಡೆಗೆ ಇಟ್ಟರೆ, ಒಣಗಿದಾಗ ಮರದ ಎಳೆ ಕೊನೆಗೊಳ್ಳುವ ಎರಡು ತುದಿಗಳಲ್ಲಿ ಅಂಚು ಎದ್ದು ನಿಲ್ಲುತ್ತದೆ, ಮಗ್ಗುಲುಗಳಲ್ಲಿ ತಗ್ಗುತ್ತದೆ. ಉಂಗುರಗಳು ತಮ್ಮ ಕಮಾನನ್ನು ಬಿಚ್ಚಿ ನೆಟ್ಟಗಾಗಲು ನೋಡುತ್ತವೆ ಎಂದು ನೆನಪಿಟ್ಟುಕೊಂಡರೆ ಈ ಲೆಕ್ಕ ತಪ್ಪುವುದಿಲ್ಲ. ಉಂಗುರ ಬಿಚ್ಚಿಕೊಳ್ಳುವಾಗ ಮಗ್ಗುಲ ಗೋಡೆಗಳು ಹೊರಕ್ಕೆ, ಕೆಳಕ್ಕೆ ಹೋಗುತ್ತವೆ. ಪಾತ್ರೆಯ ಅಡಿಯೂ ಒಳಕ್ಕೆ ಕೊಂಚ ಬಾಗುತ್ತದೆ. ಹಾಗಾಗಿ ಪಾತ್ರೆ ಅಡಿಯ ಅಂಚಿನ ಎರಡು ಗೆರೆಗಳ ಮೇಲೆ ಕುಳಿತು ಮೇಜಿನ ಮೇಲೆ ಅಲ್ಲಾಡದೆ ನಿಲ್ಲುತ್ತದೆ.

ತಿರುಗಿಸಿ ಹೂಡಿದರೆ, ಎಂದರೆ ಬಾಯಿ ತೊಗಟೆಯ ಕಡೆಗೆ ಬಂದರೆ, ಎಲ್ಲವೂ ತಿರುಗುಮುರುಗು. ಮಗ್ಗುಲುಗಳು ಮೇಲೆದ್ದು ಒಳಕ್ಕೆ ಬಾಗುತ್ತವೆ, ಬಾಯಿ ಇನ್ನಷ್ಟು ಇಕ್ಕಟ್ಟಾಗಿ ಉದ್ದವಾಗಿ ಕಾಣುತ್ತದೆ. ತೊಗಟೆಯನ್ನೇ ಅಂಚಾಗಿ ಉಳಿಸಿಕೊಂಡ ಬೋಗುಣಿಗಳೆಲ್ಲ ಈ ಬಗೆಯವು. ಅವುಗಳಲ್ಲಿ ತೊಗಟೆ ಉದುರದಿರಬೇಕಾದರೆ ಶೀತವಲಯದ ಮರವನ್ನು ಚಳಿಗಾಲದಲ್ಲಿ, ತೊಗಟೆಯಡಿಯ ಬೆಳವಣಿಗೆಯ ಪದರ ಸುಮ್ಮನಿರುವಾಗ ಕಡಿಯಬೇಕು. ಈ ಹೂಡಿಕೆಯ ತೊಂದರೆ ಇರುವುದು ಅಡಿಯಲ್ಲಿ. ಅದು ಹೊರಕ್ಕೆ ಉಬ್ಬುತ್ತದೆ, ಪಾತ್ರೆ ತೊಟ್ಟಿಲಿನಂತೆ ತೂಗುತ್ತದೆ. ಅನುಭವ ಇದ್ದವರು ಕಡೆಯುವಾಗಲೇ ತಳವನ್ನು ಒಳಕ್ಕೆ ಚೆನ್ನಾಗಿ ತಗ್ಗಿಸಿ ಸುತ್ತ ಒಂದು ಏಣು ಬಿಡುತ್ತಾರೆ, ಇಲ್ಲವೇ ಒಣಗಿದ ಮೇಲೆ ಅದೇ ಏಣನ್ನು ಮೂರು ಕಾಲುಗಳಾಗಿ ಕೆತ್ತುತ್ತಾರೆ. ಮೂರು ಕಾಲಿನದು ಎಂಥ ಸೊಟ್ಟ ನೆಲದಲ್ಲೂ ನಿಲ್ಲುತ್ತದೆ.

ಎತ್ತರದ ಹೂಜಿಯಂಥ ಪಾತ್ರೆಗಳಿಗೆ ಮರದ ಎಳೆ ಲೇತಿನ ಅಕ್ಷದ ದಿಕ್ಕಿನಲ್ಲೇ ಇರುವಂತೆ ಹೂಡುವುದು ಇನ್ನೊಂದು ಕ್ರಮ. ತಿರುಳು ನಟ್ಟನಡುವೆ ಬಿದ್ದರೆ ಪಾತ್ರೆ ಎಲ್ಲ ಸುತ್ತಲಿಂದಲೂ ಒಂದೇ ಸಮ ಕಿರಿದಾಗುತ್ತದೆ, ದುಂಡುತನ ಬಹಳ ಕೆಡುವುದಿಲ್ಲ. ತಳ ಮಾತ್ರ ತೆಳುವಾಗಿದ್ದರೆ ಶಂಕುವಿನಂತೆ ಉಬ್ಬುತ್ತದೆ, ದಪ್ಪಗಿದ್ದರೆ ಸೀಳುತ್ತದೆ. ತಿರುಳು ಒಂದು ಪಕ್ಕಕ್ಕೆ ಸರಿದಿದ್ದರೆ ಬಾಯಿ ಕೋಳಿಮೊಟ್ಟೆಯ ಹಾಗೆ ಒಂದು ತುದಿಗೆ ಚೂಪಾಗುತ್ತದೆ.

ಈ ಲೆಕ್ಕಗಳೆಲ್ಲ ನೆಟ್ಟನೆ ಬೆಳೆದ ಕಾಂಡಕ್ಕೆ ಹೊಂದುತ್ತವೆ. ಕೊಂಬೆಯ ಮರದಲ್ಲಿ ಕೈಕೊಡುತ್ತವೆ. ಓರೆಯಾಗಿ ಬೆಳೆದ ಕೊಂಬೆ ತನ್ನ ಭಾರ ತಡೆಯಲು ಒಂದು ಮಗ್ಗುಲಿನಲ್ಲಿ ಬೇರೆ ಜಾತಿಯ ಮರವನ್ನೇ ಬೆಳೆಸಿಕೊಳ್ಳುತ್ತದೆ: ಪೈನ್ ಜಾತಿಯವು ಕೆಳಮಗ್ಗುಲಿನಲ್ಲಿ, ಅಗಲ ಎಲೆಯ ಮರಗಳು ಮೇಲ್ಮಗ್ಗುಲಿನಲ್ಲಿ. ಆ ಭಾಗ ಉದ್ದಕ್ಕೂ ಗಮನಾರ್ಹವಾಗಿ ಕುಗ್ಗುತ್ತದೆ. ಫಲವಾಗಿ ಬೋಗುಣಿ ಮೊಟ್ಟೆಯಾಕಾರದ ಬದಲು ತಿರುಚಿಕೊಳ್ಳುತ್ತದೆ. ಕಾಂಡದ ಮೇಲೆ ಗಡ್ಡೆಯಂತೆ ಉಬ್ಬಿ ಬೆಳೆಯುವ ಬುರುಡೆಗಂಟಿನ ಮರದಲ್ಲಂತೂ ಎಳೆಗೆ ದಿಕ್ಕೇ ಇರುವುದಿಲ್ಲ; ಗೋಡೆ ಬಿಸಿಲಿಗಿಟ್ಟ ಹಪ್ಪಳದ ಹಾಗೆ ಸಿಕ್ಕಸಿಕ್ಕಲ್ಲಿ ಗುಬ್ಬೇಳುತ್ತದೆ. ಕೆಲವರಿಗೆ ಬೇಕಾದದ್ದು ಅದೇ. ಅಮೆರಿಕದ ಓರೆಗಾನ್‌ನಲ್ಲಿ ನೆಲೆಸಿದ, ಜರ್ಮನಿ ಮೂಲದ ಕ್ರಿಶ್ಚಿಯನ್ ಬರ್ಚರ್ಡ್ ಮಡ್ರೋನ್ ಬುರುಡೆಗಂಟಿನಲ್ಲಿ ಕಡೆದ ತೆಳು ಬುಟ್ಟಿಗಳು ಹೆಸರಾಗಿರುವುದು ಈ ಗುಬ್ಬುಗಳಿಗೆ.

ಕಡೆಯುವ ಬಗೆ

ಹಸಿಮರ ಉಳಿಗೆ ಸುಲಭ. ನಾರು ಮೆತ್ತಗಿರುತ್ತದೆ, ಸಿಪ್ಪೆ ಉದ್ದುದ್ದ ಪಟ್ಟಿಯಾಗಿ ಬರುತ್ತದೆ, ಒಣಮರದ ಧೂಳು ಇಲ್ಲ. ಧೂಳಿಲ್ಲ ಎಂಬುದು ಸಣ್ಣ ಮಾತಲ್ಲ. ಮರದ ಧೂಳು ಶ್ವಾಸಕೋಶಕ್ಕೆ ಕೆಡುಕು. ಬದಲಿಗೆ ನೀರಿನ ಕಾಟ. ಮೊದಲ ಸುತ್ತಿನಲ್ಲೇ ಮರ ತನ್ನ ನೀರನ್ನು ಕಡೆಯುವವನ ಮುಖಕ್ಕೂ ಎದೆಗೂ ಎರಚುತ್ತದೆ, ಲೇತಿನ ಕಬ್ಬಿಣ ಸಂಜೆಗೇ ತುಕ್ಕು ಹಿಡಿಯಲು ಶುರುಮಾಡುತ್ತದೆ. ಓಕ್‌ನಂಥ ಒಗರಿನ ಮರವಾದರೆ ಅದರ ಟ್ಯಾನಿನ್ ಕಬ್ಬಿಣದೊಂದಿಗೆ ಸೇರಿ ಕೈ, ಉಳಿ, ಮರ ಮೂರೂ ನೀಲಿಗಪ್ಪಾಗುತ್ತವೆ. ಈ ಕಲೆಯನ್ನೇ ಬೇಕೆಂದು ಹಚ್ಚುವವರಿದ್ದಾರೆ: ಕಬ್ಬಿಣದ ಚೂರುಗಳನ್ನು ವಿನೆಗರ್‌ನಲ್ಲಿ ನೆನೆಹಾಕಿ ಆ ನೀರನ್ನು ಓಕ್‌ಗೆ ಬಳಿದರೆ ಮರ ಇದ್ದಿಲಿನಷ್ಟು ಕಪ್ಪಾಗುತ್ತದೆ, ಮೇಲೆ ಬಣ್ಣ ಬಳಿದಂತೆ ಕಾಣುವುದಿಲ್ಲ.

ಗೋಡೆ ತೆಳುವಾಗಿರಬೇಕು, ಅದಕ್ಕಿಂತ ಮುಖ್ಯವಾಗಿ ಬಾಯಿಯಿಂದ ತಳದವರೆಗೆ ಒಂದೇ ದಪ್ಪದಲ್ಲಿರಬೇಕು. ದಪ್ಪ ಗೋಡೆಯಲ್ಲಿ ಮೇಲ್ಮೈ ಒಣಗಿ ಕುಗ್ಗಲು ನೋಡುವಾಗ ಒಳಗಿನ್ನೂ ಒದ್ದೆಯಾಗಿ ಉಬ್ಬಿಕೊಂಡಿರುತ್ತದೆ. ಆ ಎಳೆದಾಟದಲ್ಲಿ ಮೇಲ್ಮೈ ಬಿರುಕು ಬಿಡುತ್ತದೆ. 3ರಿಂದ 6 ಮಿಲಿಮೀಟರಿನ ಗೋಡೆಯಲ್ಲಿ ಒಳಗು ಹೊರಗು ಹೆಚ್ಚುಕಡಿಮೆ ಒಟ್ಟಿಗೇ ಒಣಗುತ್ತವೆ, ಸೀಳುವ ಬದಲು ಬಾಗಿ ಒತ್ತಡ ಕಳೆದುಕೊಳ್ಳುತ್ತವೆ. ತಳ ದಪ್ಪಗೆ ಉಳಿದು ಗೋಡೆ ತೆಳುವಾಗಿದ್ದರೆ ಎರಡೂ ಸೇರುವ ಮೂಲೆಯಲ್ಲಿ ಸೀಳುವುದು ಖಂಡಿತ. ಹೊಸಬರ ಬೋಗುಣಿಗಳು ಹೆಚ್ಚಾಗಿ ಹಾಳಾಗುವುದು ಈ ಮೂಲೆಯಲ್ಲಿ, ಏಕೆಂದರೆ ತಳ ತೂತಾದೀತೆಂಬ ಭಯ ಕೈಯನ್ನು ಹಿಡಿದುಬಿಡುತ್ತದೆ.

ದಪ್ಪ ನೋಡಲು ಒಂದು ಸೊಗಸಾದ ಉಪಾಯವಿದೆ. ಮೇಪಲ್‌ನಂಥ ಬಿಳಿ ಮರದ ಬೋಗುಣಿಯ ಹಿಂದೆ ಒಂದು ವಿದ್ಯುದ್ದೀಪ ಹಚ್ಚಿಟ್ಟು, ಮಿಕ್ಕ ದೀಪಗಳನ್ನು ಆರಿಸುತ್ತಾರೆ. ಒದ್ದೆ ಮರ ಬೆಳಕನ್ನು ಒಳಬಿಡುತ್ತದೆ. ಗೋಡೆ ದಪ್ಪವಿದ್ದಲ್ಲಿ ಕತ್ತಲು, ತೆಳುವಾಗುತ್ತ ಬಂದಂತೆ ಕೆಂಪು, ಆಮೇಲೆ ಕಿತ್ತಳೆ, ಇನ್ನೂ ತೆಳುವಾದರೆ ಹಳದಿ. ಎಲ್ಲ ಕಡೆ ಒಂದೇ ಬಣ್ಣ ಬಂದರೆ ಎಲ್ಲ ಕಡೆ ಒಂದೇ ದಪ್ಪ. ಮರ ನಡುವೆ ಒಣಗಿದರೆ ಈ ಲೆಕ್ಕ ಸುಳ್ಳಾಗುತ್ತದೆ, ಅದಕ್ಕೆ ಆಗಾಗ ನೀರು ಸಿಂಪಡಿಸುತ್ತಲೇ ಇರಬೇಕು.

ನೀರು ಸಿಂಪಡಿಸಲು ಇನ್ನೊಂದು ಕಾರಣವೂ ಇದೆ. ತೆಳು ಗೋಡೆ ಲೇತಿನ ಮೇಲಿರುವಾಗಲೇ ಬಾಗಲು ಶುರುಮಾಡುತ್ತದೆ. ವೇಗವಾಗಿ ತಿರುಗುವ ಪಾತ್ರೆ ತನ್ನ ಗಾಳಿಯಲ್ಲೇ ತಾನು ಒಣಗುತ್ತದೆ. ಅಂಚು ದುಂಡುತನ ಕಳೆದುಕೊಂಡ ಮೇಲೆ ಅಲ್ಲಿಗೆ ಉಳಿ ಒಯ್ದರೆ ಅದು ಗೋಡೆಯನ್ನು ಒಮ್ಮೆ ತಾಕುತ್ತದೆ, ಒಮ್ಮೆ ತಾಕುವುದಿಲ್ಲ; ಮುಂದಿನ ಕ್ಷಣ ಪಾತ್ರೆ ಚೂರಾಗಿರುತ್ತದೆ. ಹಾಗಾಗಿ ಅಂಚಿನಿಂದ ಶುರುಮಾಡಿ ಎರಡು ಮೂರು ಬೆರಳಗಲ ಆಳದವರೆಗೆ ಪೂರಾ ಮುಗಿಸಿ, ಆಮೇಲೆ ಅದರ ಕೆಳಗಿನ ಪಟ್ಟಿ, ಆಮೇಲೆ ಅದರ ಕೆಳಗಿನದು, ಹೀಗೆ ಇಳಿಯುತ್ತಾರೆ. ಕೆಳಗೆ ಉಳಿದ ದಪ್ಪ ಮರ ಮೇಲಿನ ತೆಳು ಗೋಡೆಗೆ ಆಧಾರ. ಮುಗಿಸಿದ ಭಾಗಕ್ಕೆ ಮತ್ತೆ ಮರಳುವ ಹಾಗಿಲ್ಲ. ಊಟಕ್ಕೆ ಏಳುವ ಹಾಗೂ ಇಲ್ಲ, ಎದ್ದರೆ ಪಾತ್ರೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟು ಏಳಬೇಕು.

ಸ್ಯಾಂಡ್‌ಪೇಪರ್ ಹಸಿಮರಕ್ಕೆ ಒಗ್ಗುವುದಿಲ್ಲ, ಒದ್ದೆ ಹಿಟ್ಟು ಕಟ್ಟಿ ಕ್ಷಣದಲ್ಲಿ ಮೊಂಡಾಗುತ್ತದೆ. ಒತ್ತಿ ಉಜ್ಜಿದರೆ ಬಿಸಿಗೆ ಮೇಲ್ಮೈ ಸಣ್ಣಗೆ ಬಿರಿಯುತ್ತದೆ. ಒಣಗಿದ ಮೇಲೆ ಪಾತ್ರೆ ದುಂಡಗಿರುವುದಿಲ್ಲವಾದ್ದರಿಂದ ಲೇತಿನ ಮೇಲೆ ತಿರುಗಿಸಿ ಉಜ್ಜುವುದೂ ಆಗದು, ಕೈಯಲ್ಲೇ ಉಜ್ಜಬೇಕು. ಈ ಬೇಸರದ ಕೆಲಸ ತಪ್ಪಿಸಿಕೊಳ್ಳಲು ಅನೇಕರು ಉಳಿಯನ್ನು ಚೆನ್ನಾಗಿ ಹರಿತ ಮಾಡಿ, ಉಳಿಯ ಗೆರೆಗಳನ್ನೇ ಮುಗಿದ ಮೇಲ್ಮೈಯಾಗಿ ಬಿಡುತ್ತಾರೆ. ನೋಡಲೂ ಅದೇ ಚೆನ್ನ.

ಒಣಗಿಸುವುದು

ಇಷ್ಟು ತೆಳುವಾದ ಪಾತ್ರೆಗೆ ಒಣಗಿಸುವ ಶಾಸ್ತ್ರ ದೊಡ್ಡದೇನಲ್ಲ. ಗಾಳಿ ಬಿಸಿಲು ನೇರ ಬೀಳಬಾರದು. ಕಾಗದದ ಚೀಲದಲ್ಲಿ, ರಟ್ಟಿನ ಪೆಟ್ಟಿಗೆಯಲ್ಲಿ, ಇಲ್ಲವೇ ಅದೇ ಮರದ ಸಿಪ್ಪೆಯ ರಾಶಿಯಲ್ಲಿ ಹುದುಗಿಸಿಟ್ಟರೆ ತೇವ ನಿಧಾನವಾಗಿ ಹೋಗುತ್ತದೆ. ಸಿಪ್ಪೆಯಲ್ಲಿ ಹೆಚ್ಚು ದಿನ ಬಿಟ್ಟರೆ ಬೂಸ್ಟು ಹಿಡಿಯುತ್ತದೆ, ಬಿಳಿ ಮರಗಳಿಗೆ ಬೂದು ಕಲೆ ಬೀಳುತ್ತದೆ. ದಿನವೂ ತೂಗಿ ಬರೆದಿಟ್ಟುಕೊಂಡು, ತೂಕ ಇಳಿಯುವುದು ನಿಂತಾಗ ಒಣಗಿತೆಂದು ತಿಳಿಯುತ್ತಾರೆ. ಅವಸರದವರು ಮೈಕ್ರೋವೇವ್‌ನಲ್ಲಿ ಕಡಿಮೆ ಶಾಖಕ್ಕಿಟ್ಟು, ತೆಗೆದು ಆರಿಸಿ, ಮತ್ತೆ ಇಡುತ್ತಾರೆ. ಹೀಗೆ ಬಿಸಿಯಾಗಿ ಹೊರಬಂದ ಮರ ಕೆಲವು ಕ್ಷಣ ಮೆತ್ತಗಿರುವುದರಿಂದ ಕೈಯಿಂದ ಒತ್ತಿ ಬಾಗನ್ನು ಕೊಂಚ ತಿದ್ದಲೂಬಹುದು.

ಬಾಗುವಿಕೆಯನ್ನು ಪೂರ್ತಿ ತಡೆಯುವ ದಾರಿಯೂ ಉಂಟು. ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಮೇಣದಂಥ ವಸ್ತುವಿನ ದ್ರಾವಣದಲ್ಲಿ ಹಸಿಮರವನ್ನು ವಾರಗಟ್ಟಲೆ ನೆನೆಸಿದರೆ ಅದು ಕೋಶದ ಗೋಡೆಯೊಳಗೆ ನೀರಿನ ಜಾಗದಲ್ಲಿ ಕುಳಿತು ಕುಗ್ಗಲು ಬಿಡುವುದಿಲ್ಲ. 1628ರಲ್ಲಿ ಸ್ಟಾಕ್‌ಹೋಂ ಬಂದರಿನಲ್ಲಿ ಮುಳುಗಿ 1961ರಲ್ಲಿ ಮೇಲೆತ್ತಲಾದ ವಾಸಾ ಹಡಗನ್ನು ಉಳಿಸಿದ್ದು ಈ ದ್ರಾವಣವೇ. 17 ವರ್ಷ ಅದರ ಮೇಲೆ ಸಿಂಪಡಿಸಿದರು. ಕಡೆತದವರಲ್ಲಿ ಇದರ ಬಳಕೆ ಈಗ ಕಡಿಮೆ. ಮೇಲೆ ಎಣ್ಣೆ, ವಾರ್ನಿಷ್ ಸರಿಯಾಗಿ ಹಿಡಿಯುವುದಿಲ್ಲ, ಮುಟ್ಟಿದರೆ ಜಿಡ್ಡುಜಿಡ್ಡು.

ಹಿನ್ನೆಲೆ

ಲೇತಿನ ಅತಿ ಹಳೆಯ ಚಿತ್ರಗಳಲ್ಲೊಂದು ಈಜಿಪ್ಟಿನ ಪೆಟೊಸಿರಿಸ್‌ನ ಸಮಾಧಿಯಲ್ಲಿ ಇದೆ, ಕಾಲ ಸುಮಾರು ಕ್ರಿ.ಪೂ. 300. ಅಲ್ಲಿ ಒಬ್ಬ ಹಗ್ಗ ಎಳೆಯುತ್ತಾನೆ, ಇನ್ನೊಬ್ಬ ಕಡೆಯುತ್ತಾನೆ. ಯುರೋಪಿನಲ್ಲಿ ಮಧ್ಯಯುಗದಿಂದ ಪ್ರಚಾರದಲ್ಲಿದ್ದ ಗಳುವಿನ ಲೇತಿನಲ್ಲಿ ಒಬ್ಬನೇ ಸಾಕು. ಕಾಲಿನಿಂದ ಮೆಟ್ಟು ಒತ್ತಿದರೆ ಮರಕ್ಕೆ ಸುತ್ತಿದ ಹಗ್ಗ ಅದನ್ನು ಒಂದು ಕಡೆ ತಿರುಗಿಸುತ್ತದೆ; ಕಾಲು ಎತ್ತಿದಾಗ ಮೇಲೆ ಕಟ್ಟಿದ ಬಳುಕುವ ಗಳು ಹಗ್ಗವನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಉಳಿ ಕೆಲಸ ಮಾಡುವುದು ಒತ್ತಿದಾಗ ಮಾತ್ರ. ಮನುಷ್ಯನ ಒಂದು ಕಾಲಿನ ಬಲದಲ್ಲಿ ಒಣಗಿದ ಗಟ್ಟಿಮರದಿಂದ ಬೋಗುಣಿ ತೆಗೆಯುವುದು ಬಹಳ ಪ್ರಯಾಸದ ಕೆಲಸ. ಹಾಗಾಗಿ ಆ ಕಾಲದ ಕಡೆತಗಾರನಿಗೆ ಹಸಿಮರ ಬೇರೆ ದಾರಿಯಿಲ್ಲದ ಆಯ್ಕೆ, ಅವನ ಬಟ್ಟಲು ಬಾಗುವುದು ದಿನದಿನದ ಸಂಗತಿ. ಗಂಜಿ ಕುಡಿಯುವ ಬಟ್ಟಲು ಮೊಟ್ಟೆಯಾಕಾರವಾದರೆ ಯಾರೂ ದೂರಿದ್ದಿರಲಾರರು. ಇಂದು ಕಲಾಪ್ರದರ್ಶನಗಳಲ್ಲಿ ಹೊಸ ಪ್ರಯೋಗವೆಂಬಂತೆ ಮಾತನಾಡುವ ಬಾಗಿದ ಬಟ್ಟಲು, ಯುರೋಪಿನ ಬಡವರ ಅಡುಗೆಮನೆಯಲ್ಲಿ ಶತಮಾನಗಳ ಕಾಲ ಇದ್ದದ್ದೇ.

ಇಂಗ್ಲೆಂಡಿನ ಯಾರ್ಕ್ ನಗರದ ಕಾಪರ್‌ಗೇಟ್‌ನಲ್ಲಿ 1976ರಿಂದ 1981ರವರೆಗೆ ನಡೆದ ಉತ್ಖನನದಲ್ಲಿ ವೈಕಿಂಗ್ ಕಾಲದ ಕಡೆದ ಬಟ್ಟಲುಗಳ ಜೊತೆಗೆ, ಬಟ್ಟಲಿನ ಒಳಗಿನಿಂದ ಒಡೆದು ತೆಗೆದ ತಿರುಳುಗುಂಡುಗಳೂ ಸಿಕ್ಕವು. ಬಟ್ಟಲುಗಳನ್ನು ಅಲ್ಲೇ ಕಡೆಯುತ್ತಿದ್ದರೆಂಬುದಕ್ಕೆ ಬಟ್ಟಲಿಗಿಂತ ಈ ಕಸವೇ ಒಳ್ಳೆಯ ಸಾಕ್ಷಿ. 1545ರಲ್ಲಿ ಮುಳುಗಿದ ಮೇರಿ ರೋಸ್ ಯುದ್ಧನೌಕೆಯಲ್ಲೂ ನಾವಿಕರ ಮರದ ಬಟ್ಟಲುಗಳು ಉಳಿದುಬಂದಿವೆ. ಈ ಪರಂಪರೆಯ ಕೊನೆಯ ಕೊಂಡಿ ಎನಿಸಿಕೊಂಡವನು ಬರ್ಕ್‌ಶೈರ್‌ನ ಬಕಲ್‌ಬರಿ ಬಯಲಿನ ಜಾರ್ಜ್ ಲೈಲಿ (1869-1958). ಎಲ್ಮ್ ಮರದ ಒಂದೇ ತುಂಡಿನಿಂದ ಬೋಗುಣಿಯೊಳಗೆ ಬೋಗುಣಿ ಬರುವಂತೆ, ಬಾಗಿದ ಉದ್ದ ಕೊಕ್ಕೆಯುಳಿಯಿಂದ ಕಡೆದು ತೆಗೆಯುವುದು ಅವನ ಕೈಚಳಕ. ಅವನು ತೀರಿಕೊಂಡಾಗ ಲೇತು ರೆಡಿಂಗ್‌ನ ಗ್ರಾಮೀಣ ಬದುಕಿನ ಮ್ಯೂಸಿಯಮ್ಮಿಗೆ ಹೋಯಿತು. ಹತ್ತಾರು ವರ್ಷಗಳ ಮೇಲೆ ಅದನ್ನೂ ಅವನ ಉಳಿಗಳನ್ನೂ ನೋಡಿ ನೋಡಿಯೇ ರಾಬಿನ್ ವುಡ್ ಎಂಬಾತ ಗಳುವಿನ ಲೇತಿನ ಕಲೆಯನ್ನು ಮತ್ತೆ ಕಲಿತು, ಬಟ್ಟಲು ಮಾರಿ ಬದುಕಿ ತೋರಿಸಿದ. ಮರದ ಬಟ್ಟಲಿನ ಚರಿತ್ರೆಯ ಮೇಲೆ ಅವನು ಬರೆದ ಪುಸ್ತಕ 2005ರಲ್ಲಿ ಬಂತು.

ಎಲ್ಲ ನಾಡುಗಳೂ ಬಾಗನ್ನು ಒಪ್ಪಿಕೊಂಡವೆಂದಲ್ಲ. ಜಪಾನಿನ ಅರಗಿನ ಬಟ್ಟಲುಗಳಿಗೆ ಮುಚ್ಚಳ ಕೂರಬೇಕು, ಮೇಲಿನ ಅರಗು ಬಿರಿಯಬಾರದು. ಅಲ್ಲಿ ಒರಟಾಗಿ ಕಡೆದು, ಹೊಗೆಯಲ್ಲಿಟ್ಟು ಒಣಗಿಸಿ, ಆಮೇಲೆ ನಯವಾಗಿ ಕಡೆಯುವ ಪದ್ಧತಿ ಬೆಳೆಯಿತು. ಇಶಿಕಾವಾ ಪ್ರಾಂತದ ಯಮನಾಕ ಊರಿನವರು ಮರದ ಎಳೆ ನಿಲುವಾಗಿ ಬರುವಂತೆ ತುಂಡು ತೆಗೆಯುವುದಕ್ಕೆ ಪ್ರಸಿದ್ಧರು. ಹಾಗೆ ತೆಗೆದ ತುಂಡು ತೆಳುವಾಗಿ ಕಡೆದರೂ ಬಾಗುವುದು ಕಡಿಮೆ.

ಕಲಾವಿದರ ಕೈಯಲ್ಲಿ

20ನೇ ಶತಮಾನದ ಕೊನೆಯ ಮೂವತ್ತು ವರ್ಷಗಳಲ್ಲಿ ಲೇತು ಕಾರ್ಖಾನೆಯಿಂದ ಕಲಾವಿದನ ಕೊಠಡಿಗೆ ಬಂತು. ಅಮೆರಿಕದ ಡೇವಿಡ್ ಎಲ್ಸ್‌ವರ್ತ್ ಬಾಗಿದ ಉಳಿಗಳನ್ನು ತಾನೇ ರೂಪಿಸಿ, ಸಣ್ಣ ಬಾಯಿಯೊಳಗಿಂದ ಕಣ್ಣಿಗೆ ಕಾಣದ ಒಡಲನ್ನು ಕೆಲವೇ ಮಿಲಿಮೀಟರ್ ದಪ್ಪಕ್ಕೆ ಕಡೆಯುವ ಕ್ರಮ ಬೆಳೆಸಿದ. 1986ರಲ್ಲಿ ಹುಟ್ಟಿದ ಅಮೆರಿಕದ ಮರಕಡೆತಗಾರರ ಸಂಘಕ್ಕೆ ಅವನೇ ಮೊದಲ ಅಧ್ಯಕ್ಷ. ಆ ದಶಕದಲ್ಲಿ ತೆಳುವಾಗಿ ಕಡೆಯುವುದೇ ಒಂದು ಪಂದ್ಯದಂತಾಗಿ, ಕಾಗದದಷ್ಟು ತೆಳುವಾದ, ಕೈಗೆತ್ತಿಕೊಳ್ಳಲು ಹೆದರಿಕೆಯಾಗುವ ಪಾತ್ರೆಗಳು ಬಂದವು. ಅವುಗಳಲ್ಲಿ ಅನೇಕವು ಕೌಶಲ ತೋರಿದಷ್ಟು ಚೆಲುವು ತೋರಲಿಲ್ಲ.

ಐರ್ಲೆಂಡಿನ ಲಿಯಮ್ ಫ್ಲಿನ್ (1969-2017) ಬೇರೆ ಹಾದಿ ಹಿಡಿದ. ಲಿಮರಿಕ್ ಸೀಮೆಯ ಹಸಿ ಓಕ್‌ನಲ್ಲಿ ಒಡಲು ತುಂಬಿದ ಪಾತ್ರೆ ಕಡೆದು, ಬಾಯಿಯೊಳಗೆ ಎರಡನೆಯ ಅಂಚೊಂದನ್ನು ಬಿಟ್ಟು, ಕಪ್ಪು ಮಾಡುತ್ತಿದ್ದ. ಒಣಗಿದಾಗ ಒಳ ಅಂಚು, ಹೊರ ಅಂಚು ಎರಡೂ ಬಾಗಿ ನಡುವಿನ ಸಂದು ಜೀವ ಪಡೆಯುತ್ತದೆ. ಬಾಗಿನ ಪ್ರಮಾಣ ಅಷ್ಟೇನಿಲ್ಲ, ಮೊದಲ ನೋಟಕ್ಕೆ ಪಾತ್ರೆ ದುಂಡಗೇ ಇದೆ ಎನ್ನಿಸುತ್ತದೆ. ಈ ಬರಹಗಾರನ ಅಭಿಪ್ರಾಯದಲ್ಲಿ ಈ ಕಸಬಿನ ಅತ್ಯುತ್ತಮ ಕೆಲಸಗಳಲ್ಲಿ ಅವನವೂ ಸೇರುತ್ತವೆ, ಮುಖ್ಯವಾಗಿ ಆ ಹಿಡಿತಕ್ಕಾಗಿ.

ಹೆಚ್ಚು ಪ್ರಸಿದ್ಧಿ ಬಂದದ್ದು ಜರ್ಮನಿಯ ಅರ್ನ್ಸ್ಟ್ ಗಾಂಪರ್ಲ್‌ಗೆ (ಜನನ 1965). ಪೀಠೋಪಕರಣದ ಬಡಗಿಯಾಗಿ ಪಳಗಿ, ಕಡೆತವನ್ನು ತಾನಾಗಿ ಕಲಿತವನು. ಬಿರುಗಾಳಿಗೆ ಬುಡಸಹಿತ ಉರುಳಿದ ಶತಮಾನಗಳ ಹಳೆಯ ಓಕ್ ಮರವೊಂದನ್ನು ಹಿಡಿದು ವರ್ಷಗಟ್ಟಲೆ ಅದರಲ್ಲೇ ಪಾತ್ರೆಗಳನ್ನು ಕಡೆದ. ಆ ಸರಣಿಯ ಎತ್ತರದ ಪಾತ್ರೆಯೊಂದಕ್ಕೆ 2017ರಲ್ಲಿ ಲೋಯೆವೆ ಪ್ರತಿಷ್ಠಾನದ ಕುಶಲಕಲಾ ಬಹುಮಾನ ಬಂತು. ಆ ಬಹುಮಾನ ಕೊಟ್ಟದ್ದು ಅದೇ ಮೊದಲ ವರ್ಷ. ಒದ್ದೆ ಮರದ ಎಳೆ, ಗಂಟು, ಬಿರುಕು ನೋಡಿ ಗೋಡೆಯ ದಪ್ಪ ನಿರ್ಧರಿಸಿ, ಎಲ್ಲಿ ಎಷ್ಟು ಬಾಗಬೇಕೆಂದು ಮುಂದಾಗಿ ಯೋಚಿಸಿ ಕಡೆಯುವುದು ಅವನ ರೀತಿ. 2009ರಲ್ಲಿ ಟೋಕಿಯೊದಲ್ಲಿ ಉಡುಪು ವಿನ್ಯಾಸಕ ಇಸ್ಸೆ ಮಿಯಾಕೆ ಏರ್ಪಡಿಸಿದ ಪ್ರದರ್ಶನದಲ್ಲಿ ಕುಂಬಾರಿಕೆಯ ದೊಡ್ಡ ಹೆಸರು ಲೂಸಿ ರೀಯ ಮಡಕೆಗಳ ಜೊತೆ ಅವನ ಮರದ ಪಾತ್ರೆಗಳೂ ಇದ್ದವು. ಫ್ರಾನ್ಸಿನ ಪಾಸ್ಕಲ್ ಊದೆ ಓಕ್‌ನ ಅಡ್ಡಸೀಳನ್ನು ಬಹಳ ತೆಳುವಾಗಿ ಕಡೆದು, ಮರಳು ಹಾಯಿಸಿ ಉಂಗುರದ ಮೆದುಭಾಗ ಕೊರೆದುಹಾಕಿ, ಕಸೂತಿಯಂತೆ ಉಳಿಸುತ್ತಾನೆ. ಉಳಿದ ಗಟ್ಟಿ ಪಟ್ಟಿಗಳನ್ನು ಹಿಡಿದಿಡುವುದು ಮಜ್ಜಾಕಿರಣಗಳು ಮಾತ್ರ.

ಕರ್ನಾಟಕದಲ್ಲಿ

ಇಲ್ಲಿನ ಕಡೆತ ಎಂದರೆ ಮೊದಲಿಗೆ ಚನ್ನಪಟ್ಟಣ. ಅಲ್ಲಿನ ರೂಢಿ ಹಸಿಮರಕ್ಕೆ ಪೂರ್ತಿ ವಿರುದ್ಧ. ಹಾಲೆ ಮರವನ್ನು ತಿಂಗಳುಗಟ್ಟಲೆ ಒಣಗಿಸಿಯೇ ಲೇತಿಗೆ ಹೂಡುತ್ತಾರೆ. ತಿರುಗುವ ಬೊಂಬೆಗೆ ಅರಗಿನ ಕಡ್ಡಿ ಒತ್ತಿ, ತಿಕ್ಕಾಟದ ಬಿಸಿಗೆ ಕರಗಿಸಿ ಬಣ್ಣ ಕೂರಿಸಿ, ಒಣಗರಿಯಿಂದ ಉಜ್ಜಿ ಹೊಳಪು ತರುವ ಕೆಲಸಕ್ಕೆ ಒದ್ದೆ ಮರ ಆಗದು. ಮರ ಆಮೇಲೆ ಕುಗ್ಗಿದರೆ ಅರಗು ಚಕ್ಕೆಯೇಳುತ್ತದೆ. ಮಾಡುವ ವಸ್ತುಗಳೂ ದುಂಡುತನ ಬೇಡುವಂಥವೇ: ಬುಗುರಿ, ಗಾಡಿಯ ಗಾಲಿ, ಒಂದರ ಮೇಲೊಂದು ಪೋಣಿಸುವ ಬಳೆ. ಸೊಟ್ಟ ಬುಗುರಿಯನ್ನು ಯಾವ ಹುಡುಗನೂ ಕೊಳ್ಳುವುದಿಲ್ಲ.

ಬಾಗುವ ಪಾತ್ರೆ ಮಾಡಬೇಕೆನ್ನುವವರಿಗೆ ಇಲ್ಲಿ ಮರಕ್ಕೇನೂ ಕೊರತೆಯಿಲ್ಲ, ಆರಿಸುವಾಗ ಎಚ್ಚರ ಬೇಕು ಅಷ್ಟೆ. ಊರು ಕೇರಿಯ ರಸ್ತೆ ಬದಿಯಲ್ಲಿ ಕೊಡೆ ಬಿಚ್ಚಿ ನಿಂತ ಮಳೆಮರದ ಕೊಂಬೆಗಳು ಪ್ರತಿ ಮುಂಗಾರಿನ ಗಾಳಿಗೆ ಮುರಿದು ಬೀಳುತ್ತವೆ. ಉಷ್ಣವಲಯದ ಅಮೆರಿಕ ಇದರ ತವರು. ಇದು ಉಂಗುರದ ಜಾಡಿನಲ್ಲಿ ಶೇ. 3.4, ತಿರುಳು-ತೊಗಟೆಯ ದಿಕ್ಕಿನಲ್ಲಿ ಶೇ. 2 ಮಾತ್ರ ಕುಗ್ಗುತ್ತದೆ. ಹವಾಯಿ ದ್ವೀಪಗಳಲ್ಲಿ ಇದರ ಹಸಿಮರದಲ್ಲೇ ದೊಡ್ಡ ದೊಡ್ಡ ಬೋಗುಣಿ, ಹರಿವಾಣಗಳನ್ನು ಮಾಡಿ ಪ್ರವಾಸಿಗರಿಗೆ ಮಾರುವ ಉದ್ಯಮ ಬೆಳೆದದ್ದು ಈ ಗುಣದಿಂದ. ದಪ್ಪ ಬಿಟ್ಟರೂ ಸೀಳದು. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಮರ ಸಿಗುವುದು ಕಷ್ಟ, ಆದರೆ ಬಾಗು ಕಣ್ಣಿಗೆ ಕಾಣುವಷ್ಟು ಬರಬೇಕೆಂದರೆ ಇದು ಸಾಲದು. ಮಾವು ಎಲ್ಲೆಡೆ ಸಿಗುತ್ತದೆ, ಕಡೆಯಲು ಮೃದು. ಹಸಿಯಾಗಿ ಇಟ್ಟರೆ ಬೇಗ ಕಲೆ ಬಿದ್ದು ಹುಳು ಹಿಡಿಯುತ್ತದೆ, ಕಡಿದ ಕೂಡಲೇ ಕಡೆದು ಮುಗಿಸಬೇಕು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಮೆಣಸಿನ ಬಳ್ಳಿಗೆ ಆಸರೆಯಾಗಿ ಬೆಳೆಸಿರುವ ಸಿಲ್ವರ್ ಓಕ್‌ನ ಅಗಲವಾದ ಮಜ್ಜಾಕಿರಣಗಳು ಕಡೆದಾಗ ಚುಕ್ಕೆ ಚುಕ್ಕೆಯ ಬಲೆಯಂತೆ ಗೋಡೆಯ ತುಂಬ ಕಾಣುತ್ತವೆ. ಇದರ ಹಸಿ ಮರ ಮತ್ತು ಹೊಟ್ಟು ಕೆಲವರ ಚರ್ಮಕ್ಕೆ ಆಗಿಬರುವುದಿಲ್ಲ, ತುರಿಕೆ ಗುಳ್ಳೆ ಏಳುತ್ತವೆ; ತುಂಬುತೋಳಿನ ಅಂಗಿ ಹಾಕಿಕೊಂಡು, ಮುಖಕ್ಕೆ ಮರೆ ಕಟ್ಟಿಕೊಂಡು ಕಡೆಯುವುದು ಮೇಲು.